‘ನಾಟ್’ ಬಂದ ಕಡೆ ಕಾಮಾ ಹಾಕಬೇಕಾ, ಬೇಡವಾ?

ಪ್ರಶ್ನೆ: ನಾನು ಹುಬ್ಬಳ್ಳಿಯ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಓದಿದ್ದು ಕನ್ನಡ ಮಾಧ್ಯಮ. ಆದರೆ ಮೇಲ್ ಎಲ್ಲಾ ಇಂಗ್ಲಿಷ್‌ನಲ್ಲೇ ಬರೆಯಬೇಕು. ಮೊನ್ನೆ ಹೀಗೆ ಬರೆದಿದ್ದೆ: “ದಿ ಪೇಮೆಂಟ್ ಶುಡ್ ಗೋ ಟು ದಿ ವೆಂಡರ್, ನಾಟ್ ದಿ ಏಜೆಂಟ್ ಬೈ ಫ್ರೈಡೇ. ದಿ ಪ್ರಾಬ್ಲಂ ಈಸ್ ನಾಟ್ ದಿ ಅಮೌಂಟ್, ಬಟ್ ದಿ ಡೇಟ್. ದೋ ದಿ ಬಿಲ್ ಈಸ್ ಕರೆಕ್ಟ್, ಬಟ್ ದಿ ಜಿಎಸ್‌ಟಿ ನಂಬರ್ ಈಸ್ ರಾಂಗ್.” ಮ್ಯಾನೇಜರ್ ಮೊದಲನೇ ವಾಕ್ಯದಲ್ಲಿ ‘ಏಜೆಂಟ್’ ಆದ ಮೇಲೆ ಇನ್ನೊಂದು ಕಾಮಾ ಸೇರಿಸಿದರು. ಎರಡನೇದರಲ್ಲಿ ಇದ್ದ ಕಾಮಾ ಹೊಡೆದುಹಾಕಿದರು. ಯಾಕೆ ಸಾರ್ ಅಂದರೆ ‘ಅದು ಹಾಗೇನೇ’ ಅಂದರು. ಎರಡರಲ್ಲೂ ‘ಇದಲ್ಲ, ಅದು’ ಅಂತ ತಾನೇ ಹೇಳಿರೋದು? ಒಂದು ಕಡೆ ಹಾಕು, ಇನ್ನೊಂದು ಕಡೆ ತೆಗೆ ಅಂದರೆ ಹೇಗೆ?

ಉತ್ತರ: ನಿಮ್ಮ ಮ್ಯಾನೇಜರ್ ಮಾಡಿದ ಎರಡೂ ತಿದ್ದುಪಡಿ ಸರಿ ಇದೆ. ‘ಅದು ಹಾಗೇನೇ’ ಅಂದಿದ್ದು ಮಾತ್ರ ಒಪ್ಪುವ ಮಾತಲ್ಲ. ಕಾರಣ ಇದೆ. ಸೇರಿಸಿದ ಕಾಮಾಕ್ಕೂ ತೆಗೆದ ಕಾಮಾಕ್ಕೂ ಕಾರಣ ಒಂದೇ.

ಮೊದಲು ತಲೆಯಿಂದ ಒಂದು ಪಾಠ ತೆಗೆದುಹಾಕೋಣ. ಶಾಲೆಯಲ್ಲಿ ನಮ್ಮಲ್ಲಿ ಬಹಳ ಜನ ಕಲಿತದ್ದು ‘ಓದುವಾಗ ಎಲ್ಲಿ ಸ್ವಲ್ಪ ನಿಲ್ಲುತ್ತೀಯೋ ಅಲ್ಲಿ ಕಾಮಾ ಹಾಕು’ ಅಂತ. ಕನ್ನಡ ಬರೆಯುವಾಗ ಇದರಿಂದ ಅಂಥ ತೊಂದರೆ ಆಗಲ್ಲ. ಇಂಗ್ಲಿಷ್‌ನಲ್ಲಿ ಆಗುತ್ತದೆ. ‘ನಾಟ್ ದಿ ಅಮೌಂಟ್’ ಅಂದ ಮೇಲೆ ಯಾರಾದರೂ ಒಂದು ಗಳಿಗೆ ನಿಲ್ಲುತ್ತಾರೆ. ನೀವೂ ನಿಂತಿರಿ, ಕಾಮಾ ಬಿತ್ತು. ಇಂಗ್ಲಿಷ್‌ನಲ್ಲಿ ಇಂಥ ಕಡೆ ಕಾಮಾ ನೋಡುವುದು ಉಸಿರನ್ನಲ್ಲ, ವಾಕ್ಯದ ಕಟ್ಟನ್ನು.

ಹಾಗಾದರೆ ಪರೀಕ್ಷೆ ಹೇಗೆ? ‘ನಾಟ್’ನಿಂದ ಶುರುವಾಗುವ ತುಂಡನ್ನು ವಾಕ್ಯದಿಂದ ಎತ್ತಿಡಿ. ಅನ್ನದಲ್ಲಿ ಕರಿಬೇವು ಎತ್ತಿಟ್ಟ ಹಾಗೆ. ಉಳಿದದ್ದು ಊಟಕ್ಕೆ ಆಗುತ್ತಾ ನೋಡಿ. ನಿಮ್ಮ ಮೊದಲ ವಾಕ್ಯದಿಂದ ‘ನಾಟ್ ದಿ ಏಜೆಂಟ್’ ತೆಗೆದರೆ ಉಳಿಯುವುದು “ದಿ ಪೇಮೆಂಟ್ ಶುಡ್ ಗೋ ಟು ದಿ ವೆಂಡರ್ ಬೈ ಫ್ರೈಡೇ.” ವಾಕ್ಯ ಗಟ್ಟಿಯಾಗಿ ನಿಂತಿದೆ, ಅರ್ಥವೂ ಬದಲಾಗಿಲ್ಲ. ಅಂದರೆ ಆ ತುಂಡು ನೀವು ಮಧ್ಯೆ ತೂರಿಸಿದ ಎಚ್ಚರಿಕೆ ಅಷ್ಟೇ. ಇಂಥ ತುಂಡಿಗೆ ಹಿಂದೊಂದು ಮುಂದೊಂದು ಕಾಮಾ ಬೇಕು: “ದಿ ಪೇಮೆಂಟ್ ಶುಡ್ ಗೋ ಟು ದಿ ವೆಂಡರ್, ನಾಟ್ ದಿ ಏಜೆಂಟ್, ಬೈ ಫ್ರೈಡೇ.”

ಈಗ ಎರಡನೇದು. ಅದರಿಂದ ‘ನಾಟ್ ದಿ ಅಮೌಂಟ್’ ಎತ್ತಿಡಿ. “ದಿ ಪ್ರಾಬ್ಲಂ ಈಸ್ ಬಟ್ ದಿ ಡೇಟ್” ಅಂತ ಉಳಿಯಿತು. ವಾಕ್ಯ ಕುಂಟುತ್ತಿದೆ. ಹಳೇ ಇಂಗ್ಲಿಷ್ ಓದಿದವರಿಗೆ ‘ಸಮಸ್ಯೆ ಬರೀ ತಾರೀಖು ಅಷ್ಟೇ’ ಅಂತ ಬೇರೆಯದೇ ಅರ್ಥ ಕೇಳಿಸೀತು. ಹೋಗಲಿ, ‘ಬಟ್ ದಿ ಡೇಟ್’ ಅನ್ನೇ ಎತ್ತಿಡೋಣ ಅಂದರೆ “ದಿ ಪ್ರಾಬ್ಲಂ ಈಸ್ ನಾಟ್ ದಿ ಅಮೌಂಟ್” ಅನ್ನುವುದು ಉಳಿಯುತ್ತದೆ. ಹಾಗಾದರೆ ಸಮಸ್ಯೆ ಏನು ಅಂತ ಓದುವವರು ಕಾಯುತ್ತಾ ಕೂರಬೇಕು. ಇಲ್ಲಿ ‘ನಾಟ್’ ಮತ್ತು ‘ಬಟ್’ ಜೋಡಿ ಪದಗಳು. ಒಂದು ಬಂದರೆ ಇನ್ನೊಂದು ಬರಲೇಬೇಕು. ಎರಡೂ ಸೇರಿ ಒಂದೇ ಮಾತು ಹೇಳುತ್ತವೆ. ಆ ಜೋಡಿಯ ನಡುವೆ ಕಾಮಾ ಬೇಡ: “ದಿ ಪ್ರಾಬ್ಲಂ ಈಸ್ ನಾಟ್ ದಿ ಅಮೌಂಟ್ ಬಟ್ ದಿ ಡೇಟ್.”

ಇದು ನನ್ನ ಸ್ವಂತ ಕಾನೂನೇನಲ್ಲ. ಅಮೆರಿಕದ ಪ್ರಕಾಶಕರು 1906ರಿಂದ ಬಳಸುತ್ತಿರುವ ‘ಷಿಕಾಗೊ ಮ್ಯಾನ್ಯುಯಲ್ ಆಫ್ ಸ್ಟೈಲ್’ನ 2017ರ ಆವೃತ್ತಿಯೂ ಇದನ್ನೇ ಹೇಳುತ್ತದೆ. ನಡುವೆ ತೂರಿಸಿದ ‘ನಾಟ್’ ತುಂಡಿಗೆ ಕಾಮಾ ಕೊಡಿ, ‘ನಾಟ್... ಬಟ್’ ಜೋಡಿಗೆ ಸಾಮಾನ್ಯವಾಗಿ ಕಾಮಾ ಬೇಕಿಲ್ಲ ಅಂತ. ‘ಸಾಮಾನ್ಯವಾಗಿ’ ಅನ್ನುವ ಪದ ಗಮನಿಸಿ. ಜೋಡಿಯ ಎರಡೂ ಭಾಗ ಸಾಲುಗಟ್ಟಲೆ ಉದ್ದವಾದರೆ ಓದುವವರ ಅನುಕೂಲಕ್ಕೆ ನಡುವೆ ಒಂದು ಕಾಮಾ ಇಟ್ಟವರನ್ನು ಯಾರೂ ಬೈಯಲ್ಲ. ಆಫೀಸ್ ಮೇಲ್‌ನಲ್ಲಿ ಅಷ್ಟು ಉದ್ದದ ವಾಕ್ಯ ಬರೆಯದೇ ಇರುವುದು ಇನ್ನೂ ಒಳ್ಳೆಯದು.

ಇನ್ನು ಎತ್ತಿಡಬಹುದಾದ ತುಂಡು ವಾಕ್ಯದ ಕೊನೆಗೆ ಬಂದರೆ ಮುಂದಿನ ಕಾಮಾದ ಜಾಗವನ್ನು ಫುಲ್‌ಸ್ಟಾಪ್ ತೆಗೆದುಕೊಳ್ಳುತ್ತದೆ. “ದಿ ಫೈಲ್ ಈಸ್ ಲೇಟ್, ನಾಟ್ ಲಾಸ್ಟ್.” “ಸೈನ್ ಇನ್ ಇಂಕ್, ನೆವರ್ ಇನ್ ಪೆನ್ಸಿಲ್.” ಇಲ್ಲಿ ಒಂದೇ ಕಾಮಾ ಕಾಣುತ್ತದೆ. ನಾವು ಇಂಥ ವಾಕ್ಯಗಳನ್ನೇ ಜಾಸ್ತಿ ಓದಿರುತ್ತೇವೆ. ಹಾಗಾಗಿ ‘ನಾಟ್ ಮುಂದೆ ಒಂದು ಕಾಮಾ’ ಅನ್ನುವಷ್ಟೇ ಮನಸ್ಸಿನಲ್ಲಿ ಕೂತಿರುತ್ತದೆ. ತುಂಡು ನಡುವೆ ಬಂದಾಗ ಎರಡನೇ ಕಾಮಾ ಮರೆತುಹೋಗುವುದು ಅದಕ್ಕೇ. ನಿಮ್ಮ ಮೇಲ್‌ನಲ್ಲಿ ಆಗಿದ್ದೂ ಇದೇ. ಎರಡನೇ ಕಾಮಾ ಇಲ್ಲದ್ದರಿಂದ ‘ನಾಟ್ ದಿ ಏಜೆಂಟ್ ಬೈ ಫ್ರೈಡೇ’ ಅನ್ನುವುದೇ ಒಂದು ತುಂಡಾಯಿತು. ಕಿಲಾಡಿ ಏಜೆಂಟ್ ಇದ್ದರೆ ‘ಶುಕ್ರವಾರದೊಳಗೆ ತಾನೇ ನನಗೆ ಕೊಡಬಾರದು, ಶನಿವಾರ ಕೊಡಿ’ ಅನ್ನಬಹುದು!

ತಮಾಷೆ ಅಂದುಕೊಳ್ಳಬೇಡಿ. ಕೆನಡಾದಲ್ಲಿ ಇಂಥದ್ದೇ ಎರಡನೇ ಕಾಮಾ ದೊಡ್ಡ ಜಗಳ ತಂದಿತ್ತು. ಅಲ್ಲಿನ ರೋಜರ್ಸ್ ಕಂಪನಿ ತನ್ನ ಕೇಬಲ್ ಎಳೆಯುವುದಕ್ಕೆ ಕಂಬಗಳನ್ನು ಬಳಸಿಕೊಳ್ಳಲು 2002ರಲ್ಲಿ ಅಲಿಯಂಟ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಒಪ್ಪಂದ ಐದು ವರ್ಷ ಇರುತ್ತದೆ, ಕಾಮಾ, ಆಮೇಲೆ ಐದೈದು ವರ್ಷಕ್ಕೆ ಮುಂದುವರಿಯುತ್ತದೆ, ಕಾಮಾ, ಯಾರಾದರೂ ಒಂದು ವರ್ಷ ಮೊದಲು ನೋಟಿಸ್ ಕೊಟ್ಟು ನಿಲ್ಲಿಸದೇ ಇದ್ದರೆ. ಇಂಗ್ಲಿಷ್‌ನಲ್ಲಿ ವಾಕ್ಯದ ಕ್ರಮ ಹೀಗಿತ್ತು. ಮೊದಲ ಐದು ವರ್ಷ ಯಾರೂ ಅಲುಗಾಡಿಸುವ ಹಾಗಿಲ್ಲ ಅಂತ ರೋಜರ್ಸ್ ನಂಬಿತ್ತು. ಅಲಿಯಂಟ್ ಅದಕ್ಕಿಂತ ಮೊದಲೇ ನೋಟಿಸ್ ಕೊಟ್ಟಿತು. ಕೆನಡಾದ ದೂರಸಂಪರ್ಕ ನಿಯಂತ್ರಣ ಆಯೋಗ 2006ರಲ್ಲಿ ಅಲಿಯಂಟ್ ಪರ ನಿಂತಿತು. ಎರಡು ಕಾಮಾಗಳ ನಡುವಿನ ಮಾತನ್ನು ಎತ್ತಿಟ್ಟು ಓದಿದರೆ ನೋಟಿಸ್ ಷರತ್ತು ಮೊದಲ ಐದು ವರ್ಷಕ್ಕೂ ಅಂಟಿಕೊಳ್ಳುತ್ತದೆ ಅಲ್ವಾ? ಎರಡನೇ ಕಾಮಾ ಇರದಿದ್ದರೆ ಆ ಷರತ್ತು ‘ಆಮೇಲಿನ’ ವರ್ಷಗಳಿಗೆ ಮಾತ್ರ ಸೇರುತ್ತಿತ್ತು. ರೋಜರ್ಸ್‌ನವರು ಸುಮ್ನೆ ಕೂರಲಿಲ್ಲ. ಆ ಒಪ್ಪಂದಕ್ಕೆ ಆಧಾರವಾಗಿದ್ದ ಮಾದರಿ ಒಪ್ಪಂದದ ಫ್ರೆಂಚ್ ಪ್ರತಿ ತಂದು ತೋರಿಸಿದರು. ಫ್ರೆಂಚ್‌ನಲ್ಲಿ ಈ ಗೊಂದಲ ಇರಲಿಲ್ಲ. 2007ರಲ್ಲಿ ಆಯೋಗ ಆ ವಿಷಯದಲ್ಲಿ ತನ್ನ ಮಾತು ಬದಲಿಸಿತು.

ನಿಮ್ಮ ಮೇಲ್‌ಗೆ ಫ್ರೆಂಚ್ ಪ್ರತಿ ಇರಲ್ಲ. ಆದ್ದರಿಂದ ಕಾಮಾ ತೆರೆದರೆ ಮುಚ್ಚಿ.

ಈಗ, ನಾವು ಕನ್ನಡದವರು ಇಲ್ಲೇ ಯಾಕೆ ಎಡವುತ್ತೇವೆ ಅನ್ನುವುದಕ್ಕೆ ಬರೋಣ. ನಿಮ್ಮ ಪ್ರಶ್ನೆಯಲ್ಲೇ ಅದಕ್ಕೆ ಸುಳಿವಿದೆ. ‘ಇದಲ್ಲ, ಅದು’ ಅಂತ ಬರೆದಿದ್ದೀರಿ. ಕನ್ನಡದಲ್ಲಿ ಮಾತು ಸಾಮಾನ್ಯವಾಗಿ ಹೀಗೇ ಬರುತ್ತದೆ. ಬೇಡದ್ದನ್ನು ಮೊದಲು ತಳ್ಳಿ, ಆಮೇಲೆ ಬೇಕಾದ್ದನ್ನು ಹೇಳುತ್ತೇವೆ. ‘ರಾಜು ಅಲ್ಲ, ರವಿ ಬಂದಿದ್ದ.’ ‘ಹತ್ತಲ್ಲ, ಹನ್ನೆರಡು.’ ‘ಆದರೆ’ ಅನ್ನುವ ಪದವೂ ಬೇಕಾಗಲ್ಲ. ಇದನ್ನೇ ಇಂಗ್ಲಿಷ್‌ಗೆ ಇಳಿಸಿದರೆ “ನಾಟ್ ರಾಜು, ರವಿ ಕೇಮ್” ಅಂತಾಗುತ್ತದೆ. ಬೆಂಗಳೂರಿನ ಆಫೀಸುಗಳಲ್ಲಿ ಇದು ಎಷ್ಟು ಓಡಾಡುತ್ತದೆ ಅಂದರೆ ಯಾರಿಗೂ ತಪ್ಪು ಅನಿಸುವುದೇ ಇಲ್ಲ. ಮಾತಿನಲ್ಲಿ ನಡೆದುಹೋಗುತ್ತದೆ. ಬರಹದಲ್ಲಿ ನಡೆಯಲ್ಲ. ಇಂಗ್ಲಿಷ್ ಇಂಥ ಕಡೆ ನಿಜವನ್ನು ಮೊದಲು ಹೇಳಿ, ಅಲ್ಲದ್ದನ್ನು ಹಿಂದೆ ಇಡಲು ಇಷ್ಟಪಡುತ್ತದೆ: “ರವಿ, ನಾಟ್ ರಾಜು, ಕೇಮ್.” ಇನ್ನೂ ಸಲೀಸಾಗಿ ಬೇಕಾದರೆ “ಇಟ್ ವಾಸ್ ರವಿ ಹೂ ಕೇಮ್, ನಾಟ್ ರಾಜು.” ಅಲ್ಲದ್ದನ್ನೇ ಮುಂದೆ ಇಡಬೇಕು ಅಂತಿದ್ದರೆ ‘ಬಟ್’ ಸೇರಿಸಿ, ಕಾಮಾ ಬಿಡಿ: “ನಾಟ್ ರಾಜು ಬಟ್ ರವಿ ಕೇಮ್.” ವ್ಯಾಕರಣ ಸರಿ ಇದೆ, ಆದರೆ ಸ್ವಲ್ಪ ಭಾಷಣದ ಧಾಟಿ.

ಒಟ್ಟಿನಲ್ಲಿ ಯಾವುದು ಮೊದಲು ಬಂತು ಅನ್ನುವುದರ ಮೇಲೆ ಕಾಮಾ ತೀರ್ಮಾನವಾಗುತ್ತದೆ. ನಿಜವಾದದ್ದು ಮೊದಲು ಬಂದರೆ ‘ನಾಟ್’ ತುಂಡು ಬರೀ ಸೇರ್ಪಡೆ, ಕಾಮಾ ಹಾಕಿ. ‘ನಾಟ್’ ಮೊದಲು ಬಂದರೆ ವಾಕ್ಯ ‘ಬಟ್’ಗಾಗಿ ಕಾಯುತ್ತಿದೆ, ಕಾಮಾ ಬಿಡಿ.

ಕ್ರಿಯಾಪದಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. “ದಿ ಮ್ಯಾನೇಜರ್, ನಾಟ್ ದಿ ಕ್ಲರ್ಕ್ಸ್, ಸೈನ್ಸ್ ದಿ ಚೆಕ್ಸ್.” ಇಲ್ಲಿ ‘ಕ್ಲರ್ಕ್ಸ್’ ಪಕ್ಕದಲ್ಲೇ ಕೂತಿದೆ ಅಂತ ‘ಸೈನ್’ ಅಂದುಬಿಡಬೇಡಿ. ಕ್ಲರ್ಕುಗಳು ಕಾಮಾಗಳ ಒಳಗಿದ್ದಾರೆ, ಎತ್ತಿಟ್ಟರೆ ಉಳಿಯುವುದು ಮ್ಯಾನೇಜರ್ ಒಬ್ಬರೇ. ಆದ್ದರಿಂದ ‘ಸೈನ್ಸ್’.

ಈಗ ನೀವು ಕೇಳದೇ ಇರುವ, ಆದರೆ ನನ್ನ ಪ್ರಕಾರ ಇದೆಲ್ಲಕ್ಕಿಂತ ಮುಖ್ಯವಾದ ಒಂದು ವಾಕ್ಯ. “ಹಿ ಡಿಡ್ ನಾಟ್ ಸೆಲ್ ದಿ ಲ್ಯಾಂಡ್ ಬಿಕಾಸ್ ಆಫ್ ಹಿಸ್ ಬ್ರದರ್.” ಅವನು ಜಮೀನು ಮಾರಿದನೋ ಇಲ್ಲವೋ? ಇನ್ನೊಂದು ಸಲ ಓದಿ. ತಮ್ಮ ಬೇಡ ಅಂದ, ಹಾಗಾಗಿ ಮಾರಲಿಲ್ಲ ಅಂತ ಓದಬಹುದು. ಮಾರಿದ್ದು ನಿಜ, ಆದರೆ ತಮ್ಮನ ಕಾರಣಕ್ಕಲ್ಲ, ಸಾಲಕ್ಕೋ ಮಗಳ ಮದುವೆಗೋ ಅಂತಲೂ ಓದಬಹುದು. ಒಂದರಲ್ಲಿ ಜಮೀನು ಇದೆ, ಇನ್ನೊಂದರಲ್ಲಿ ಹೋಗಿದೆ!

ಕನ್ನಡದಲ್ಲಿ ಈ ಪೇಚು ಬರುವುದೇ ಇಲ್ಲ. ‘ತಮ್ಮನಿಂದಾಗಿ ಅವನು ಜಮೀನು ಮಾರಲಿಲ್ಲ’ ಅನ್ನುವುದೇ ಬೇರೆ, ‘ಅವನು ಜಮೀನು ಮಾರಿದ್ದು ತಮ್ಮನಿಂದಾಗಿ ಅಲ್ಲ’ ಅನ್ನುವುದೇ ಬೇರೆ. ಕೆಲಸ ಆಗಿಲ್ಲ ಅನ್ನುವುದಕ್ಕೆ ನಮ್ಮಲ್ಲಿ ‘ಇಲ್ಲ’ ಇದೆ. ಆಗಿದೆ, ಆದರೆ ನೀನು ಅಂದುಕೊಂಡ ಹಾಗಲ್ಲ ಅನ್ನುವುದಕ್ಕೆ ‘ಅಲ್ಲ’ ಇದೆ. ಇಂಗ್ಲಿಷ್‌ನಲ್ಲಿ ಇವೆರಡಕ್ಕೂ ಸೇರಿ ಇರುವುದು ಒಂದೇ ‘ನಾಟ್’. ಅದು ಎಲ್ಲಿಯವರೆಗೆ ಕೈ ಚಾಚಿದೆ ಅಂತ ತೋರಿಸುವ ಕೆಲಸ ಎಷ್ಟೋ ಸಲ ಕಾಮಾದ ತಲೆಗೆ ಬೀಳುತ್ತದೆ. ‘ಲ್ಯಾಂಡ್’ ಆದ ಮೇಲೆ ಕಾಮಾ ಇಟ್ಟರೆ ‘ನಾಟ್’ ಅಲ್ಲಿಗೇ ನಿಲ್ಲುತ್ತದೆ. ಮಾರಲಿಲ್ಲ, ಕಾರಣ ತಮ್ಮ. ಕಾಮಾ ಇಡದಿದ್ದರೆ ‘ನಾಟ್’ ಮುಂದಕ್ಕೆ ಹೋಗಿ ‘ಬಿಕಾಸ್’ ಅನ್ನೂ ಹಿಡಿದುಕೊಳ್ಳಬಹುದು. ಆಗ ಮಾರಿದ, ಕಾರಣ ತಮ್ಮ ಅಲ್ಲ. ಒಬ್ಬ ಕನ್ನಡಿಗನಿಗೆ ಇದನ್ನು ನೆನಪಿಡುವುದು ಸುಲಭ. ಮನಸ್ಸಿನಲ್ಲಿ ‘ಇಲ್ಲ’ ಬಂದರೆ ಕಾಮಾ ಇಡಿ, ‘ಅಲ್ಲ’ ಬಂದರೆ ಬಿಡಿ. ನೆನಪಿರಲಿ, ಈ ಸೂತ್ರ ‘ಬಿಕಾಸ್’ ಇರುವ ವಾಕ್ಯಕ್ಕೆ ಮಾತ್ರ.

ಹಾಗಂತ ಹಣದ, ಜಮೀನಿನ, ಕೆಲಸದ ವಿಷಯವನ್ನು ಒಂದು ಕಾಮಾದ ಮೇಲೆ ನಿಲ್ಲಿಸಬೇಡಿ. ಓದುವವರಿಗೂ ಈ ಸೂಕ್ಷ್ಮ ಗೊತ್ತಿರಬೇಕಲ್ಲ! ವಾಕ್ಯವನ್ನೇ ಬದಲಿಸಿ. “ಬಿಕಾಸ್ ಆಫ್ ಹಿಸ್ ಬ್ರದರ್, ಹಿ ಡಿಡ್ ನಾಟ್ ಸೆಲ್ ದಿ ಲ್ಯಾಂಡ್.” ಇಲ್ಲವೇ “ಹಿ ಸೋಲ್ಡ್ ದಿ ಲ್ಯಾಂಡ್, ಬಟ್ ನಾಟ್ ಬಿಕಾಸ್ ಆಫ್ ಹಿಸ್ ಬ್ರದರ್.” ಯಾವ ಸಾಫ್ಟ್‌ವೇರ್ ಕೂಡ ಇಂಥ ಕಡೆ ನಿಮ್ಮ ಮನಸ್ಸಿನಲ್ಲಿರುವುದನ್ನು ಊಹಿಸಲಾರದು. ಜಮೀನು ಮಾರಿದ್ದು ಹೌದಾ ಅಲ್ಲವಾ ಅಂತ ಗೊತ್ತಿರುವುದು ನಿಮಗೆ.

‘ನಾಟ್ ಓನ್ಲಿ... ಬಟ್ ಆಲ್ಸೋ’ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಅದೂ ಜೋಡಿಯೇ. “ಶಿ ನಾಟ್ ಓನ್ಲಿ ಚೆಕ್ಡ್ ದಿ ಬಿಲ್ ಬಟ್ ಆಲ್ಸೋ ಕಾಲ್ಡ್ ದಿ ವೆಂಡರ್.” ಕಾಮಾ ಬೇಡ. ಎರಡೂ ಕಡೆ ಪೂರ್ತಿ ವಾಕ್ಯ ಬಂದರೆ ಮಾತ್ರ ಹಾಕಿ: “ನಾಟ್ ಓನ್ಲಿ ಡಿಡ್ ಶಿ ಚೆಕ್ ದಿ ಬಿಲ್, ಬಟ್ ಶಿ ಆಲ್ಸೋ ಕಾಲ್ಡ್ ದಿ ವೆಂಡರ್.”

ಬರೀ ‘ಬಟ್’ ಬಂದಾಗಲೂ ನೋಡಬೇಕಾದ್ದು ಅದನ್ನೇ. ‘ಬಟ್’ ಆದ ಮೇಲೆ ಹೊಸ ಕರ್ತೃ, ಹೊಸ ಕ್ರಿಯಾಪದ ಎರಡೂ ಬಂದರೆ ಮುಂಚೆ ಕಾಮಾ: “ಐ ಕಾಲ್ಡ್ ದಿ ಬ್ಯಾಂಕ್, ಬಟ್ ನೋಬಡಿ ಆನ್ಸರ್ಡ್.” ಕರ್ತೃ ಹಳೆಯದೇ ಆದರೆ ಬೇಡ: “ಐ ಕಾಲ್ಡ್ ದಿ ಬ್ಯಾಂಕ್ ಬಟ್ ಗಾಟ್ ನೋ ರಿಪ್ಲೈ.” ಎರಡು ಗುಣ ಹೇಳುವಾಗಲೂ ಬೇಡ: “ದಿ ರೂಮ್ ಈಸ್ ಸ್ಮಾಲ್ ಬಟ್ ಕ್ಲೀನ್.” ಚಿಕ್ಕದು, ಆದರೂ ನೋಡಿ ಎಷ್ಟು ಚೊಕ್ಕ ಅಂತ ಒತ್ತಿ ಹೇಳುವ ಆಸೆ ಇದ್ದರೆ ಕಾಮಾ ಇಡಬಹುದು, ಅದು ಬರೆಯುವವರ ಇಷ್ಟ. ಆದರೆ ಆ ಗುಣಗಳು ನಾಮಪದಕ್ಕಿಂತ ಮೊದಲು ಬಂದಾಗ, ಕಾಮಾ ಇಡುವುದಾದರೆ ಎರಡು ಇಡಬೇಕು: “ಎ ಸ್ಮಾಲ್, ಬಟ್ ಕ್ಲೀನ್, ರೂಮ್.” ಬಾಡಿಗೆ ಮನೆ ಜಾಹೀರಾತುಗಳಲ್ಲಿ ಒಂದೇ ಕಾಮಾ ಹಾಕಿ “ಎ ಸ್ಮಾಲ್, ಬಟ್ ಕ್ಲೀನ್ ರೂಮ್” ಅಂತ ಬರೆದದ್ದು ಕಣ್ಣಿಗೆ ಬಿದ್ದರೆ ನನಗೆ ಕೈ ಕಡಿಯುತ್ತದೆ. ಎರಡು ಹಾಕಿ, ಇಲ್ಲ ಎರಡೂ ಬಿಡಿ.

‘ನಾಟ್’ ಇಲ್ಲದೆ, ‘ಬಟ್’ ಇಲ್ಲದೆ ಕಾಮಾ ಒಂದೇ ಎರಡು ಮಾತುಗಳನ್ನು ಎದುರುಬದುರು ನಿಲ್ಲಿಸುವುದೂ ಉಂಟು. 1969ರಲ್ಲಿ ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಹೇಳಿದ್ದು ನೆನಪಿದೆಯಲ್ಲ, “ಒನ್ ಸ್ಮಾಲ್ ಸ್ಟೆಪ್ ಫಾರ್ ಮ್ಯಾನ್, ಒನ್ ಜಯಂಟ್ ಲೀಪ್ ಫಾರ್ ಮ್ಯಾನ್‌ಕೈಂಡ್.” ಎರಡೂ ತುಂಡು ಒಂದೇ ಅಚ್ಚಿನವು. ಅದಕ್ಕೇ ನಡುವೆ ಬೇರೇನೂ ಬೇಕಾಗಲಿಲ್ಲ. ಮೇಲ್‌ನಲ್ಲಿ ಇದನ್ನು ಮಾಡಲು ಹೋಗಬೇಡಿ, ಜಾಹೀರಾತು ಓದಿದ ಹಾಗಿರುತ್ತದೆ.

‘ವೈಲ್’ ವಿಷಯದಲ್ಲಿ ಕಾಮಾ ಅರ್ಥವನ್ನೇ ತಿರುಗಿಸುತ್ತದೆ. “ಮೈ ಬ್ರದರ್ ಕುಕ್ಸ್ ವೈಲ್ ಐ ಕ್ಲೀನ್” ಅಂದರೆ ಅವನು ಅಡುಗೆ ಮಾಡುವ ಹೊತ್ತಿಗೇ ನಾನು ಮನೆ ಕ್ಲೀನ್ ಮಾಡುತ್ತೇನೆ. ‘ವೈಲ್’ ಮುಂದೆ ಕಾಮಾ ಇಟ್ಟರೆ ಅಡುಗೆ ಅವನದು, ಕ್ಲೀನಿಂಗ್ ನನ್ನದು ಅಂತ ಕೆಲಸ ಹಂಚಿಕೊಂಡ ಹಾಗೆ. ಹೊತ್ತು ಬೇರೆ ಇರಬಹುದು. ‘ವೇರ್‌ಆ್ಯಸ್’ಗೆ ಎದುರಿನ ಅರ್ಥ ಒಂದೇ ಇರುವುದರಿಂದ ಅದರ ಮುಂದೆ ಕಾಮಾ ಇಟ್ಟರೆ ಸಾಕು, ಯೋಚನೆ ಬೇಡ. ‘ರಾದರ್ ದ್ಯಾನ್’, ‘ಇನ್‌ಸ್ಟೆಡ್ ಆಫ್’ ಬಂದರೆ ಮಾಮೂಲಿಯಾಗಿ ಕಾಮಾ ಬೇಕಾಗಲ್ಲ: “ಟೇಕ್ ದಿ ಬಸ್ ರಾದರ್ ದ್ಯಾನ್ ಆ್ಯನ್ ಆಟೊ.”

‘ಅನ್‌ಲೈಕ್’ನಿಂದ ವಾಕ್ಯ ಶುರುವಾದರೆ ಆ ತುಂಡಾದ ಮೇಲೆ ಕಾಮಾ ಬೇಕು. ಅದನ್ನು ಎಲ್ಲರೂ ಹಾಕುತ್ತಾರೆ. ತಪ್ಪುವುದು ಕಾಮಾದ ಆಚೆ. “ಅನ್‌ಲೈಕ್ ಮೈಸೂರು, ದಿ ಟ್ರಾಫಿಕ್ ಇನ್ ಬೆಂಗಳೂರು ಈಸ್ ಸ್ಲೋ.” ಇಲ್ಲಿ ಊರನ್ನು ಟ್ರಾಫಿಕ್ ಜೊತೆ ಹೋಲಿಸಿದ ಹಾಗಾಯಿತು. ಕಾಮಾದ ಈಚೆ ಊರು ಇದ್ದರೆ ಆಚೆಯೂ ಊರೇ ಇರಬೇಕು: “ಅನ್‌ಲೈಕ್ ಮೈಸೂರು, ಬೆಂಗಳೂರು ಹ್ಯಾಸ್ ಸ್ಲೋ ಟ್ರಾಫಿಕ್.”

‘ಹೌವೆವರ್’ ಬಗ್ಗೆ ಒಂದು ಮಾತು ಹೇಳದೆ ಬಿಟ್ಟರೆ ನನಗೆ ಸಮಾಧಾನ ಇಲ್ಲ. “ವಿ ಸೆಂಟ್ ದಿ ಫೈಲ್, ಹೌವೆವರ್ ಇಟ್ ಡಿಡ್ ನಾಟ್ ಓಪನ್.” ಇದು ತಪ್ಪು. ‘ಹೌವೆವರ್’ಗೆ ಎರಡು ವಾಕ್ಯ ಹೊಲಿಯುವ ಶಕ್ತಿ ಇಲ್ಲ. ಮೊದಲ ವಾಕ್ಯ ಮುಗಿಸಿ ಫುಲ್‌ಸ್ಟಾಪ್ ಇಡಿ: “ವಿ ಸೆಂಟ್ ದಿ ಫೈಲ್. ಹೌವೆವರ್, ಇಟ್ ಡಿಡ್ ನಾಟ್ ಓಪನ್.” ‘ಬಟ್’ದು ಇದಕ್ಕೆ ಪೂರಾ ಉಲ್ಟಾ. ಅದಕ್ಕೆ ಹೊಲಿಯುವ ಶಕ್ತಿ ಇದೆ, ಆದರೆ ಅದರ ಬೆನ್ನಿಗೆ ಕಾಮಾ ಬರಬಾರದು. ‘ಆದರೆ’ ಅಂದು ಸ್ವಲ್ಪ ನಿಲ್ಲುವುದು ನಮಗೆ ಅಭ್ಯಾಸ. ಆ ಅಭ್ಯಾಸ “ಬಟ್, ವಿ ಡಿಡ್ ನಾಟ್ ರಿಸೀವ್ ಇಟ್” ಅಂತ ಇಂಗ್ಲಿಷ್‌ಗೂ ಬಂದುಬಿಡುತ್ತದೆ. ಆ ಕಾಮಾ ತೆಗೆಯಿರಿ.

ಕೊನೆಗೆ ನಿಮ್ಮ ಮೂರನೇ ವಾಕ್ಯ. ಕಾಮಾ ತಿದ್ದುವ ಭರದಲ್ಲಿ ನಿಮ್ಮ ಮ್ಯಾನೇಜರ್ ಇದನ್ನು ನೋಡಲೇ ಇಲ್ಲ ಅನಿಸುತ್ತದೆ. “ದೋ ದಿ ಬಿಲ್ ಈಸ್ ಕರೆಕ್ಟ್, ಬಟ್ ದಿ ಜಿಎಸ್‌ಟಿ ನಂಬರ್ ಈಸ್ ರಾಂಗ್.” ಇದರಲ್ಲಿ ಕಾಮಾ ಸರಿಯಾದ ಜಾಗದಲ್ಲೇ ಇದೆ. ‘ದೋ’ ಮತ್ತು ‘ಬಟ್’ ಎರಡೂ ಇರುವುದೇ ತಪ್ಪು. ಒಂದೇ ಕೆಲಸಕ್ಕೆ ಇಬ್ಬರನ್ನು ಇಟ್ಟಿದ್ದೀರಿ. ಇಂಥ ತಪ್ಪು ಕಂಡರೆ ‘ಕನ್ನಡದ ಪ್ರಭಾವ’ ಅಂತ ಬೈಯುವವರಿದ್ದಾರೆ. ಅದು ಸುಳ್ಳು. ಹಿಂದಿಯಲ್ಲಿ ‘ಹಾಲಾಂಕಿ... ಲೇಕಿನ್’ ಅಂತ ಎರಡೂ ಜೊತೆಗೆ ಬರುತ್ತವೆ, ನಿಜ. ಆದರೆ ‘ಬಿಲ್ ಸರಿ ಇದ್ದರೂ ಆದರೆ ನಂಬರ್ ತಪ್ಪು’ ಅಂತ ಕನ್ನಡದಲ್ಲಿ ಯಾರಾದರೂ ಅಂತಾರಾ? ‘ಇದ್ದರೂ’ ಅಂದರೆ ಮುಗಿಯಿತು. ಇಲ್ಲಿ ನಿಮ್ಮ ಕನ್ನಡವನ್ನೇ ನಂಬಿ. “ದೋ ದಿ ಬಿಲ್ ಈಸ್ ಕರೆಕ್ಟ್, ದಿ ಜಿಎಸ್‌ಟಿ ನಂಬರ್ ಈಸ್ ರಾಂಗ್” ಅಂತ ಬರೆಯಿರಿ, ಅಥವಾ ‘ದೋ’ ತೆಗೆದು “ದಿ ಬಿಲ್ ಈಸ್ ಕರೆಕ್ಟ್, ಬಟ್ ದಿ ಜಿಎಸ್‌ಟಿ ನಂಬರ್ ಈಸ್ ರಾಂಗ್” ಅಂತ ಬರೆಯಿರಿ. ನಾನಾಗಿದ್ದರೆ ಎರಡನೇದನ್ನು ಆರಿಸುತ್ತಿದ್ದೆ. ವೆಂಡರ್ ಕಡೆಯವರು ಅವಸರದಲ್ಲಿ ಅರ್ಧ ಓದಿ ಬಿಟ್ಟರೂ ‘ಬಟ್’ ಕಂಡ ಕೂಡಲೇ ಮುಂದೆ ಏನೋ ತಿದ್ದುವುದಿದೆ ಅಂತ ಗೊತ್ತಾಗುತ್ತದೆ.